ಸೆಕೆಂಡ್ ಡಿವಿಷನ್ ಅಂದ್ರೆ ಸೆಕೆಂಡ್ ಕ್ಲಾಸಾ, ಟೀಚರ್?

ಕೊಡಗಿನ ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಹೋದ ವಾರ ನನ್ನ ಹುಡುಗಿಯೊಬ್ಬಳ ತಾಯಿ ಸಿಕ್ಕಿದರು. ಕಾಫಿ ತೋಟದಲ್ಲಿ ಕೆಲಸ ಮಾಡುವವರು. ಮಗಳು ಪಿಯುಸಿ ಓದುತ್ತಿದ್ದಾಳೆ, ಭಾನುವಾರ ನಾನು ಫುಟ್‌ಬಾಲ್ ಆಡಿಸುವ ಹುಡುಗಿಯರ ಗುಂಪಿನಲ್ಲಿ ಸ್ಟಾಪರ್ ಜಾಗಕ್ಕೆ, ಅಂದರೆ ಗೋಲ್‌ಕೀಪರ್ ಮುಂದೆ ಎದುರಾಳಿಯನ್ನು ತಡೆಯಲು, ನಿಲ್ಲುತ್ತಾಳೆ. ಅವಳಿಗೆ ಬೆಂಗಳೂರಿನ ಕ್ಲಬ್ಬೊಂದರಿಂದ ಟ್ರಯಲ್ಸ್‌ಗೆ ಬಾ ಅಂತ ಕರೆ ಬಂದಿದೆ. ಮಹಿಳೆಯರ ಸೆಕೆಂಡ್ ಡಿವಿಷನ್ ಲೀಗಿನ ಮುಂದಿನ ಸೀಸನ್ನಿಗೆ ತಂಡ ಕಟ್ಟುತ್ತಿದ್ದಾರಂತೆ.

"ಅಲ್ಲ ಟೀಚರ್, ಸೆಕೆಂಡ್ ಡಿವಿಷನ್ ಅಂದ್ರೆ ಸೆಕೆಂಡ್ ಕ್ಲಾಸಾ? ಫಸ್ಟ್ ಕ್ಲಾಸಲ್ಲಿ ಸೀಟ್ ಸಿಗದೇ ಇದ್ದವರನ್ನ ಅಲ್ಲಿ ಹಾಕ್ತಾರಾ?" ಅಂದರು.

ಕುಶಾಲನಗರದ ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅರ್ಧಂಬರ್ಧ ಹೇಳಿದೆ, ಅವರು ಹತ್ತಿ ಹೋದರು. ಇದೇ ಪ್ರಶ್ನೆ ಇನ್ನೂ ಎಷ್ಟು ಮನೆಗಳಲ್ಲಿ ಇರಬಹುದು ಅನ್ನಿಸಿ, ಅವರಿಗೆ ಹೇಳಬೇಕಾದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕಪ್ ಬೇರೆ, ಲೀಗ್ ಬೇರೆ

ಕೊಡಗಿನವರಿಗೆ ಟೂರ್ನಿಮೆಂಟ್ ಅಂದರೆ ಏನು ಅಂತ ಯಾರೂ ಕಲಿಸಬೇಕಾಗಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳಿಗೆ ಬೆಳೆದಿತ್ತು. ಮನೆಯ ಹೆಣ್ಣುಮಕ್ಕಳೂ ಗಂಡಸರ ಜೊತೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವ ಹಬ್ಬ ಅದು. ಫುಟ್‌ಬಾಲಿಗೆ ಬಂದರೆ ಸುಂಟಿಕೊಪ್ಪದ ಗೋಲ್ಡ್ ಕಪ್ ಇದೆ, ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ತಂಡಕ್ಕೆ ಏಳೇ ಜನ ಆಡುವ ಸೆವೆನ್ಸ್ ಇವೆ. ಇವೆಲ್ಲದರ ನಿಯಮ ಒಂದೇ: ಸೋತವರು ಮನೆಗೆ.

ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. 360 ತಂಡಗಳ ನಾಕೌಟಿನಲ್ಲಿ ಚಾಂಪಿಯನ್ ಸಿಗಬೇಕಾದರೆ 359 ತಂಡಗಳು ಒಂದೊಂದು ಸಲ ಸೋಲಬೇಕು, ಅಂದರೆ 359 ಪಂದ್ಯ. ಕೇಳಲು ದೊಡ್ಡ ಸಂಖ್ಯೆ. ಆದರೆ ಹೆಚ್ಚು ಕಡಿಮೆ ಅರ್ಧದಷ್ಟು ತಂಡಗಳಿಗೆ ಸಿಗುವುದು ಒಂದೇ ಒಂದು ಪಂದ್ಯ. ಅದು ಹಬ್ಬ, ಅಲ್ಲಿ ಸೇರುವುದೇ ಸಂತೋಷ, ಒಂದೇ ಪಂದ್ಯವಾದರೂ ಸಾಕು. ಆಟವನ್ನೇ ಬದುಕಾಗಿ ಮಾಡಿಕೊಳ್ಳಬೇಕು ಅನ್ನುವ ಹುಡುಗಿಗೆ ಒಂದು ಪಂದ್ಯ ಸಾಲದು.

ಲೀಗಿನಲ್ಲಿ ಸೋತರೂ ಮುಂದಿನ ವಾರ ಪಂದ್ಯ ಇರುತ್ತದೆ. ಪ್ರತಿ ತಂಡ ಉಳಿದ ಎಲ್ಲ ತಂಡಗಳ ಜೊತೆ ಆಡುತ್ತದೆ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಏನೂ ಇಲ್ಲ. ತಮ್ಮೂರಿನಲ್ಲಿ ಒಂದು ಸಲ, ಎದುರಾಳಿಯ ಊರಿನಲ್ಲಿ ಒಂದು ಸಲ ಆಡುವ ಪದ್ಧತಿಯಾದರೆ 8 ತಂಡಗಳ ಲೀಗಿನಲ್ಲಿ ಪ್ರತಿ ತಂಡಕ್ಕೆ 14 ಪಂದ್ಯ ಸಿಗುತ್ತವೆ. ನಾಲ್ಕನೇ ಪಂದ್ಯದಲ್ಲಿ ಮಾಡಿದ ತಪ್ಪನ್ನು ಐದನೆಯದರಲ್ಲಿ ತಿದ್ದಿಕೊಳ್ಳಬಹುದು. ಗಾಯವಾಗಿ ಎರಡು ವಾರ ಹೊರಗೆ ಕೂತವಳು ಮತ್ತೆ ಬರಬಹುದು. ಬೆಂಚಿನಲ್ಲಿ ಕೂತ ಹದಿನೇಳರ ಹುಡುಗಿಗೂ ಒಂದು ದಿನ ಕೋಚ್ ಕೈ ತೋರಿಸಿ "ವಾರ್ಮ್ ಅಪ್ ಮಾಡು" ಅನ್ನುವ ಹೊತ್ತು ಬರುತ್ತದೆ.

ನಾನು ಈ ಇಡೀ ಲೇಖನದಲ್ಲಿ ಹಿಡಿದುಕೊಂಡಿರುವ ದಾರ ಇದೊಂದೇ. ಯಾವ ಡಿವಿಷನ್ ಅನ್ನುವುದಕ್ಕಿಂತ ಎಷ್ಟು ಪಂದ್ಯ ಅಂತ ಮೊದಲು ಕೇಳಿ.

ಏಣಿಯ ಮೆಟ್ಟಿಲುಗಳು

ನಮ್ಮ ದೇಶದಲ್ಲಿ ಮಹಿಳಾ ಫುಟ್‌ಬಾಲ್ ಹೊಸದಲ್ಲ. ಏಷ್ಯಾದ ಮಹಿಳಾ ಚಾಂಪಿಯನ್‌ಶಿಪ್ 1980ರಲ್ಲಿ ಕೋಯಿಕ್ಕೋಡ್‌ನಲ್ಲಿ, ಅಂದರೆ ವಿರಾಜಪೇಟೆಯಿಂದ ಘಾಟಿ ಇಳಿದು ಹೋದರೆ ಅರ್ಧ ದಿನದ ದಾರಿಯಲ್ಲಿ, ನಡೆದಾಗ ಭಾರತ ಎರಡನೇ ಸ್ಥಾನ ಪಡೆದಿತ್ತು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೊಮ್ಮೆ ಎರಡನೇ ಸ್ಥಾನ. ಆಮೇಲೆ ಉಳಿದ ದೇಶಗಳು ಲೀಗು ಕಟ್ಟಿದವು. ನಮ್ಮ ಹುಡುಗಿಯರಿಗೆ ಸಿಕ್ಕಿದ್ದು ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್. ವರ್ಷಕ್ಕೊಮ್ಮೆ ಕೆಲವು ದಿನ ಆಟ, ಉಳಿದ ತಿಂಗಳೆಲ್ಲ ಖಾಲಿ.

ಕ್ಲಬ್ಬುಗಳ ರಾಷ್ಟ್ರೀಯ ಲೀಗು, ಇಂಡಿಯನ್ ವಿಮೆನ್ಸ್ ಲೀಗ್, ಎಲ್ಲರೂ ಐಡಬ್ಲ್ಯುಎಲ್ ಅನ್ನುವುದು, ಶುರುವಾದದ್ದು 2016-17ರ ಸೀಸನ್ನಿನಲ್ಲಿ. ಮೊದಲ ವರ್ಷ ಅಂತಿಮ ಸುತ್ತಿಗೆ ಬಂದದ್ದು 6 ತಂಡ, ಆಟವೆಲ್ಲ ದೆಹಲಿಯ ಅಂಬೇಡ್ಕರ್ ಸ್ಟೇಡಿಯಂ ಒಂದರಲ್ಲೇ. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದಿತು. ಆ ಆರರಲ್ಲಿ ಎಫ್‌ಸಿ ಅಲಖ್‌ಪುರ ಅನ್ನುವ ತಂಡವೂ ಇತ್ತು. ಅಲಖ್‌ಪುರ ಹರಿಯಾಣದ ಭಿವಾನಿ ಜಿಲ್ಲೆಯ ಒಂದು ಹಳ್ಳಿ. ಊರಿನ ಹೆಸರನ್ನೇ ಜೆರ್ಸಿಯ ಮೇಲೆ ಹೊತ್ತು ಹಳ್ಳಿ ಹುಡುಗಿಯರು ದೇಶದ ಮೊದಲ ಲೀಗಿನಲ್ಲಿ ಆಡಿದರು. ನನ್ನ ಹುಡುಗಿಯರಿಗೆ ನಾನು ಪದೇ ಪದೇ ಹೇಳುವ ಹೆಸರು ಅದು.

ಆಮೇಲೆ ಗೆದ್ದದ್ದು ರೈಸಿಂಗ್ ಸ್ಟೂಡೆಂಟ್ಸ್, ತಮಿಳುನಾಡಿನ ಸೇತು ಎಫ್‌ಸಿ, ಬಳಿಕ ಮೂರು ಸಲ ಬೆನ್ನುಬೆನ್ನಿಗೆ ಗೋಕುಲಂ ಕೇರಳ. 2022-23ರಲ್ಲಿ 16 ತಂಡಗಳನ್ನು ಎರಡು ಗುಂಪು ಮಾಡಿ ಅಹಮದಾಬಾದಿನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಆಡಿಸಿದರು. ಆ ವರ್ಷ ಫೈನಲ್ ಆಡಿದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. ಗೋಕುಲಂ ಎದುರು 5-0 ಸೋಲು, ಆದರೂ ಕರ್ನಾಟಕದ ಮಹಿಳಾ ಕ್ಲಬ್ಬೊಂದು ದೇಶದ ಫೈನಲ್ಲಿಗೆ ಹೋದದ್ದು ಸಣ್ಣ ಸಂಗತಿಯಲ್ಲ.

ನಿಜವಾದ ಬದಲಾವಣೆ ಬಂದದ್ದು 2023-24ರಲ್ಲಿ. ಒಂದೇ ಊರಿನಲ್ಲಿ ಎಲ್ಲರನ್ನೂ ಕೂಡಿಹಾಕಿ ಆಡಿಸುವುದನ್ನು ಬಿಟ್ಟು, ಮೊದಲ ಸಲ ತಂಡಗಳು ಊರಿಂದ ಊರಿಗೆ ಹೋಗಿ ಆಡಿದವು. 7 ತಂಡ, ಪ್ರತಿಯೊಂದಕ್ಕೂ 12 ಪಂದ್ಯ. ಒಡಿಶಾ ಎಫ್‌ಸಿ ಗೆದ್ದಿತು. ಹಾಗಾದರೆ 16ರಲ್ಲಿ ಉಳಿದ ತಂಡಗಳು ಎಲ್ಲಿ ಹೋಗಬೇಕು? ರಾಜ್ಯಗಳ ಹೊಸ ಕ್ಲಬ್ಬುಗಳಿಗೆ ಬಾಗಿಲು ಎಲ್ಲಿ? ಅದಕ್ಕೆ ಉತ್ತರವಾಗಿ ಅದೇ ಸೀಸನ್ನಿನಲ್ಲಿ ಹುಟ್ಟಿದ್ದು ಐಡಬ್ಲ್ಯುಎಲ್-2, ನಮ್ಮ ಮಾತಿನ ಸೆಕೆಂಡ್ ಡಿವಿಷನ್.

ಹಾಗಾಗಿ ಏಣಿಗೆ ಈಗ ಮೂರು ಮೆಟ್ಟಿಲು. ಕೆಳಗೆ ರಾಜ್ಯ ಲೀಗು, ನಮ್ಮಲ್ಲಿ ಅದನ್ನು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುತ್ತದೆ. ನಡುವೆ ಐಡಬ್ಲ್ಯುಎಲ್-2. ಮೇಲೆ ಐಡಬ್ಲ್ಯುಎಲ್. ರಾಜ್ಯದಲ್ಲಿ ಆಡಿ, ರಾಜ್ಯ ಸಂಸ್ಥೆಯ ಮೂಲಕ ಹೆಸರು ಹೋದ ಕ್ಲಬ್ಬುಗಳು ನಡುವಿನ ಮೆಟ್ಟಿಲಿಗೆ ಬರುತ್ತವೆ.

ಮೆಟ್ಟಿಲು ಹತ್ತುವುದು, ಇಳಿಯುವುದು ಎರಡೂ ಕಾಗದದ ಮೇಲಿನ ಮಾತಲ್ಲ. ಮೊದಲ ಐಡಬ್ಲ್ಯುಎಲ್-2ರಿಂದ ಕೋಲ್ಕತ್ತದ ಶ್ರೀಭೂಮಿ ಎಫ್‌ಸಿ ಮತ್ತು ಒಡಿಶಾದ ನೀತಾ ಫುಟ್‌ಬಾಲ್ ಅಕಾಡೆಮಿ ಮೇಲೆ ಹೋದವು. ಮೇಲಿನಿಂದ ಒಂದು ತಂಡ ಇಳಿಯಿತು. 7ರಲ್ಲಿ 1 ಕಳೆದು 2 ಕೂಡಿಸಿದರೆ 8. ಹಾಗಾಗಿ 2024-25ರಲ್ಲಿ 8 ತಂಡ, 14 ಪಂದ್ಯ. ಆ ವರ್ಷ ಈಸ್ಟ್ ಬೆಂಗಾಲ್ ಚಾಂಪಿಯನ್ ಆಯಿತು. ಹಿಂದಿನ ವರ್ಷವಷ್ಟೇ ಕಪ್ ಎತ್ತಿದ್ದ ಒಡಿಶಾ ಎಫ್‌ಸಿ, ದೆಹಲಿಯ ಹಾಪ್ಸ್ ಎಫ್‌ಸಿ ಜೊತೆ ಕೆಳಗಿಳಿಯಿತು. ಆ ಎರಡು ಜಾಗಕ್ಕೆ ಎರಡನೇ ಡಿವಿಷನ್ನಿನಿಂದ ದೆಹಲಿಯ ಗಢವಾಲ್ ಯುನೈಟೆಡ್ ಮತ್ತು ಗೋವಾದ ಸೇಸಾ ಫುಟ್‌ಬಾಲ್ ಅಕಾಡೆಮಿ ಏರಿದವು.

ಸೆಕೆಂಡ್ ಕ್ಲಾಸಾ ಅಂತ ಕೇಳಿದ ತಾಯಿಗೆ ಇದರಲ್ಲೇ ಉತ್ತರ ಇದೆ. ಪರೀಕ್ಷೆಯ ಸೆಕೆಂಡ್ ಕ್ಲಾಸು ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾದ ಮೇಲೆ ಬದಲಾಗುವುದಿಲ್ಲ. ಇಲ್ಲಿ ಪ್ರತಿ ವರ್ಷ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ. ನಿನ್ನೆಯ ಚಾಂಪಿಯನ್ನೇ ಇಳಿಯಬಹುದಾದ ಜಾಗ ಅದು. ಇವತ್ತು ಆ ಡಿವಿಷನ್ನಿನಲ್ಲಿ ಸ್ಟಾಪರ್ ಆಗಿ ನಿಂತವಳು ಮುಂದಿನ ವರ್ಷ, ಕ್ಲಬ್ಬಿನ ಜೊತೆಗೋ ಅಥವಾ ಬೇರೆ ಕ್ಲಬ್ಬಿನವರ ಕಣ್ಣಿಗೆ ಬಿದ್ದೋ, ಮೇಲಿನ ಲೀಗಿನಲ್ಲಿ ಇರಬಹುದು.

ಮೂರು ಪಂದ್ಯದ ಸೀಸನ್

ಈಗ ಕಷ್ಟದ ಭಾಗ. ಆ ಎರಡು ಸೀಸನ್ನಿನ ಮೇಲಿನ ಲೀಗಿನಂತೆ ಊರೂರು ತಿರುಗಿ ಆಡಲು ಸಣ್ಣ ಕ್ಲಬ್ಬುಗಳ ಹತ್ತಿರ ಹಣ ಇಲ್ಲ. ಇಪ್ಪತ್ತು ಹುಡುಗಿಯರು, ಕೋಚ್, ಫಿಸಿಯೋ, ಮ್ಯಾನೇಜರ್, ಎಲ್ಲರಿಗೂ ರೈಲು, ರೂಮು, ಊಟ ಆಗಬೇಕು. ಆದ್ದರಿಂದ ಎರಡನೇ ಡಿವಿಷನ್ನಿನಲ್ಲಿ ತಂಡಗಳನ್ನು ಗುಂಪುಗಳಾಗಿ ಹಂಚಿ, ಒಂದೊಂದು ಗುಂಪನ್ನು ಒಂದೊಂದು ಊರಿನಲ್ಲಿ ಸೇರಿಸಿ ಕೆಲವೇ ದಿನಗಳಲ್ಲಿ ಆಡಿಸಿ ಮುಗಿಸುತ್ತಾರೆ. ಅಲ್ಲಿ ಗೆದ್ದವರಿಗೆ ಅಂತಿಮ ಸುತ್ತು, ಅದರಲ್ಲಿ ಮುಂದೆ ನಿಂತವರಿಗೆ ಬಡ್ತಿ.

ಗುಂಪಿನಲ್ಲಿ 4 ತಂಡ ಇದ್ದು ಒಂದೊಂದೇ ಸಲ ಎದುರಾದರೆ ಪ್ರತಿ ತಂಡಕ್ಕೆ 3 ಪಂದ್ಯ. 5 ತಂಡ ಇದ್ದರೆ 4. ಮುಂದಿನ ಸುತ್ತಿಗೆ ಹೋಗದ ತಂಡದ ಸೀಸನ್ ಅಷ್ಟಕ್ಕೇ ಮುಗಿಯಿತು. ಹೆಸರಿಗೆ ಲೀಗು, ಆದರೆ ನಡೆಯುವ ರೀತಿ ನಮ್ಮ ಊರಿನ ಕಪ್ಪಿಗೆ ಹತ್ತಿರ. ನನಗೆ ಇದರ ಬಗ್ಗೆ ಬೇಸರವಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳು ಕ್ಯಾಂಪಿನಲ್ಲಿ ಬೆವರು ಹರಿಸಿ ಒಂದು ವಾರದಲ್ಲಿ ಮೂರು ಪಂದ್ಯ ಆಡಿ ವಾಪಸ್ ಬಸ್ ಹತ್ತುವುದು ಬೆಳೆಯುವ ಆಟಗಾರ್ತಿಗೆ ಮಾಡುವ ಅನ್ಯಾಯ.

ಇಷ್ಟು ಚಿಕ್ಕ ಗುಂಪಿನಲ್ಲಿ ಒಂದೊಂದು ಗೋಲೂ ಎಷ್ಟು ಭಾರ ಅನ್ನುವುದಕ್ಕೆ ನಮ್ಮೂರುಗಳನ್ನೇ ಇಟ್ಟುಕೊಂಡು ಒಂದು ಕಲ್ಪನೆಯ ಗುಂಪು ಮಾಡೋಣ: ಸುಂಟಿಕೊಪ್ಪ, ಸಿದ್ದಾಪುರ, ಕುಶಾಲನಗರ, ಗೋಣಿಕೊಪ್ಪ.

ಮೊದಲ ದಿನ ಸುಂಟಿಕೊಪ್ಪ ಗೋಣಿಕೊಪ್ಪವನ್ನು 4-0 ಸೋಲಿಸಿತು ಅನ್ನಿ. ಸಿದ್ದಾಪುರ ಕುಶಾಲನಗರವನ್ನು 2-1ರಿಂದ ಗೆದ್ದಿತು. ಎರಡನೇ ದಿನ ಸಿದ್ದಾಪುರ ಸುಂಟಿಕೊಪ್ಪವನ್ನು 1-0 ಮಣಿಸಿತು, ಕುಶಾಲನಗರ ಗೋಣಿಕೊಪ್ಪದ ಮೇಲೆ 2-0. ಕೊನೆಯ ದಿನ ಸುಂಟಿಕೊಪ್ಪ ಕುಶಾಲನಗರವನ್ನು 1-0 ಗೆದ್ದಿತು. ಅದುವರೆಗೆ ಎರಡನ್ನೂ ಗೆದ್ದಿದ್ದ ಸಿದ್ದಾಪುರ ಗೋಣಿಕೊಪ್ಪದ ಎದುರು 1-0 ಎಡವಿತು.

ಈಗ ಸುಂಟಿಕೊಪ್ಪಕ್ಕೂ 6 ಅಂಕ, ಸಿದ್ದಾಪುರಕ್ಕೂ 6. ಮೇಲೆ ಹೋಗುವುದು ಒಂದೇ ತಂಡ. ಯಾರು? ಗೋಲು ಅಂತರ ನೋಡುವ ನಿಯಮವಿದ್ದರೆ ಸುಂಟಿಕೊಪ್ಪ. ಹೊಡೆದ 5 ಗೋಲಿನಲ್ಲಿ ಬಿಟ್ಟುಕೊಟ್ಟ 1 ಕಳೆದರೆ 4 ಉಳಿಯುತ್ತದೆ. ಸಿದ್ದಾಪುರ ಹೊಡೆದದ್ದು 3, ಬಿಟ್ಟುಕೊಟ್ಟದ್ದು 2, ಉಳಿದದ್ದು 1. ಆದರೆ ಸಮ ಅಂಕ ಬಂದವರು ಪರಸ್ಪರ ಆಡಿದ ಪಂದ್ಯವನ್ನು ಮೊದಲು ನೋಡುವ ನಿಯಮವಿದ್ದರೆ ಸಿದ್ದಾಪುರ ಹೋಗುತ್ತದೆ, ಏಕೆಂದರೆ ಅವರು ಸುಂಟಿಕೊಪ್ಪವನ್ನು ಸೋಲಿಸಿದ್ದಾರೆ. ಆಟ ಅದೇ, ಗೋಲುಗಳು ಅವೇ, ನಿಯಮದ ಒಂದು ಸಾಲು ಬೇರೆಯಾದರೆ ಒಂದು ಊರಿನ ವರ್ಷವೇ ಬೇರೆ.

ಅದಕ್ಕೇ ಯಾವ ಟೂರ್ನಿಮೆಂಟಿಗೆ ಹೋದರೂ ನಾನು ಮೊದಲು ನಿಯಮಾವಳಿಯಲ್ಲಿ ಆ ಸಾಲು ಹುಡುಕುತ್ತೇನೆ. ಗೋಲು ಅಂತರದ ನಿಯಮವಾದರೆ 3-0 ಮುಂದಿದ್ದಾಗಲೂ ನಾಲ್ಕನೆಯದಕ್ಕೆ ಓಡಬೇಕು. ಪರಸ್ಪರ ಪಂದ್ಯದ ನಿಯಮವಾದರೆ ಆಗ ಒಳ್ಳೆಯ ಆಟಗಾರ್ತಿಯನ್ನು ಹೊರಗೆ ಕರೆದು ನಾಡಿದ್ದಿನ ದೊಡ್ಡ ಪಂದ್ಯಕ್ಕೆ ಕಾಲು ಉಳಿಸಿಕೊಳ್ಳಬೇಕು. ಹಳದಿ ಕಾರ್ಡು ಸೇರಿ ಬರುವ ಅಮಾನತಿನ ಲೆಕ್ಕವೂ ಹೀಗೇ. 14 ಪಂದ್ಯದ ಲೀಗಿನಲ್ಲಿ ಒಂದು ಪಂದ್ಯದ ಅಮಾನತು ತಡೆದುಕೊಳ್ಳಬಹುದು. ಮೂರೇ ಪಂದ್ಯದ ಗುಂಪಿನಲ್ಲಿ ಅದು ಸೀಸನ್ನಿನ ಮೂರನೇ ಒಂದು ಭಾಗ.

ನಮ್ಮ ಕಡೆಯ ಹುಡುಗಿಯರಿಗೆ ಇನ್ನೊಂದು ತೊಡಕು ಇದೆ. ಸೆವೆನ್ಸ್ ಆಡಿ ಬೆಳೆದವರು ನಾವು. ಸಣ್ಣ ಗ್ರೌಂಡು, ಸಾಮಾನ್ಯವಾಗಿ ಆಫ್‌ಸೈಡ್ (ಬಾಲ್ ಪಾಸ್ ಆಗುವಾಗ ಎದುರಾಳಿಯ ಕೊನೆಯ ಡಿಫೆಂಡರನ್ನು ದಾಟಿ ಮುಂದೆ ನಿಂತಿರಬಾರದು ಅನ್ನುವ ನಿಯಮ) ಇಲ್ಲ, ಚುರುಕು ಕಾಲಿದ್ದರೆ ನಡೆದುಹೋಗುತ್ತದೆ. ಹನ್ನೊಂದು ಜನರ ಆಟದಲ್ಲಿ ಮೈದಾನ 100 ಮೀಟರಿಗೂ ಹೆಚ್ಚು ಉದ್ದ ಇರಬಹುದು, ಆಟ 90 ನಿಮಿಷ. ಸ್ಟಾಪರ್ ಒಂದು ಹೆಜ್ಜೆ ತಡವಾಗಿ ಮುಂದೆ ಬಂದರೆ ಆಫ್‌ಸೈಡ್ ಗೆರೆ ಮುರಿದು ಎದುರಾಳಿ ನೇರ ಗೋಲಿಯ, ಅಂದರೆ ಗೋಲ್‌ಕೀಪರ್, ಮುಂದೆ. ಈ ಅಂದಾಜು ಬರುವುದು ಆಡಿಯೇ. ಬೋರ್ಡಿನ ಮೇಲೆ ಗೆರೆ ಹಾಕಿ ಎಷ್ಟು ತೋರಿಸಿದರೂ ಕಾಲಿಗೆ ಹೋಗುವುದಿಲ್ಲ.

ಮಳೆ, ಕಾಫಿ, ಪರೀಕ್ಷೆ

ಮೊದಲ ಐಡಬ್ಲ್ಯುಎಲ್-2 ನಡೆದದ್ದು 2024ರ ಬೇಸಿಗೆಯಲ್ಲಿ, ಮಾರ್ಚ್ ತಿಂಗಳಲ್ಲಿ ಆಟ ಶುರುವಾಗಿತ್ತು. ಕೊಡಗಿನ ಮನೆಯೊಂದರಿಂದ ನೋಡಿದರೆ ಈ ತಿಂಗಳಿಗೆ ಬೇರೆಯದೇ ಅರ್ಥ. ಮಾರ್ಚ್ ಅಂದರೆ ಪಿಯುಸಿ ಪರೀಕ್ಷೆ, ಅದರ ಹಿಂದೆಯೇ ಎಸ್‌ಎಸ್‌ಎಲ್‌ಸಿ. ಕ್ಲಬ್ಬಿನ ಕ್ಯಾಂಪು ಅದಕ್ಕೂ ಎರಡು ತಿಂಗಳು ಮೊದಲೇ ಶುರು. ಆಗ ಇಲ್ಲಿ ಕಾಫಿ ಕುಯ್ಲು, ಮನೆಯಲ್ಲಿ ಇರುವ ಪ್ರತಿ ಕೈಗೂ ಕೆಲಸ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಅಮ್ಮ ಬೆಳಿಗ್ಗೆ ಹೋದರೆ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು ಇದೇ ಹುಡುಗಿ.

ಪರೀಕ್ಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಬಿಡಬಾರದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ ನಿಜ. ಆದರೂ ಮೊದಲ ಸಲದ ದಿನಾಂಕಗಳನ್ನು ಬರೆದುಕೊಂಡು ಹೋಗಿ ಕ್ಲಬ್ಬಿನ ಮ್ಯಾನೇಜರ್ ಎದುರು ಇಡಬೇಕು. ಕ್ಯಾಂಪಿಗೆ ಸೇರುವ ಮೊದಲೇ ಇಡಬೇಕು, ಸೇರಿದ ಮೇಲೆ ಅಲ್ಲ. ಹುಡುಗಿಯ ಓದಿನ ಬಗ್ಗೆ ಮಾತಾಡಲು ತಾಳ್ಮೆ ಇರುವ ಕ್ಲಬ್ಬು ಅವಳ ಮೊಣಕಾಲಿನ ಬಗ್ಗೆಯೂ ಕಾಳಜಿ ಮಾಡುತ್ತದೆ, ಇದು ನಾನು ಕಂಡದ್ದು.

ಅಭ್ಯಾಸಕ್ಕೆ ಸಿಗುವ ದಿನಗಳ ಲೆಕ್ಕವೂ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗ್ರೌಂಡು ಕೆಸರುಗದ್ದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ ನೆಲ ಸ್ವಲ್ಪ ಗಟ್ಟಿಯಾಗುತ್ತದೆ. ಅಲ್ಲಿಂದ ಸುಗ್ಗಿ ಹಬ್ಬ ಪುತ್ತರಿಯವರೆಗಿನ ದಿನಗಳೇ ನಮಗೆ ಚಿನ್ನ. ಮಳೆಗಾಲದಲ್ಲಿ ನಾನು ಹುಡುಗಿಯರನ್ನು ಹಾಲ್‌ನಲ್ಲಿ ಓಡಿಸುತ್ತೇನೆ, ಗೋಡೆಗೆ ಬಾಲ್ ಹೊಡೆಸುತ್ತೇನೆ. ಆಫ್‌ಸೈಡ್ ಗೆರೆಯನ್ನು ಹಾಲ್‌ನಲ್ಲಿ ಕಲಿಸಲು ಬರುವುದಿಲ್ಲ.

ಹಾಕಿಗೆ ನಮ್ಮಲ್ಲಿ ದಾರಿ ಇದೆ. ಮಡಿಕೇರಿಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್ಲು, ಕೂಡಿಗೆಯ ಕ್ರೀಡಾ ಶಾಲೆ, ಹೀಗೆ ಒಂದರ ನಂತರ ಒಂದು ಬಾಗಿಲು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಒಲಿಂಪಿಕ್ಸ್‌ವರೆಗೆ ಹೋದರು. ಫುಟ್‌ಬಾಲ್ ಆಡುವ ಹುಡುಗಿಗೆ ಅಂಥ ಬಾಗಿಲುಗಳ ಸಾಲು ಇಲ್ಲ. ಜಿಲ್ಲೆಯಲ್ಲಿ ರೈಲೂ ಇಲ್ಲ. ಬೆಂಗಳೂರಿನ ಟ್ರಯಲ್ಸ್ ಬೆಳಿಗ್ಗೆ ಏಳಕ್ಕೆ ಅಂದರೆ ರಾತ್ರಿ ಬಸ್ ಹತ್ತಬೇಕು. ಆರೇಳು ಗಂಟೆ ಕೂತು, ಇಳಿದು, ಮುಖ ತೊಳೆದು ಮೈದಾನಕ್ಕೆ. ಆರಿಸುವವರಿಗೆ ಅದು ಕಾಣುವುದಿಲ್ಲ, ಭಾರವಾದ ಕಾಲು ಮಾತ್ರ ಕಾಣುತ್ತದೆ. ಆದ್ದರಿಂದ ಸಾಧ್ಯವಿದ್ದವರು ಒಂದು ದಿನ ಮೊದಲೇ ಹೋಗಿ ಪರಿಚಯದವರ ಮನೆಯಲ್ಲಿ ಉಳಿಯಿರಿ.

ಸಹಿ ಹಾಕುವ ಮೊದಲು

ಹಣದ ವಿಷಯ ಎಲ್ಲರೂ ಕೇಳುತ್ತಾರೆ, ನಾಚಿಕೆಪಡುತ್ತ ಕೇಳುತ್ತಾರೆ. ನಾಚಬೇಕಾದ್ದೇನೂ ಇಲ್ಲ. ಮೇಲಿನ ಲೀಗಿನ ಕ್ಲಬ್ಬುಗಳು ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕಾರ್ಯಕಾರಿ ಸಮಿತಿ 2023ರಲ್ಲಿ ತೀರ್ಮಾನಿಸಿತು. ತಿಂಗಳಿಗೆ ಹಂಚಿದರೆ 26 ಸಾವಿರದ ಮೇಲೆ. ಆ ಮಾತು ಹೇಳಿದ್ದು ಮೇಲಿನ ಮೆಟ್ಟಿಲಿನ ಬಗ್ಗೆ. ಎರಡನೇ ಡಿವಿಷನ್ನಿನ ಕ್ಲಬ್ಬು ಅಷ್ಟು ಕೊಡುತ್ತದೆ ಅಂತ ಲೆಕ್ಕ ಹಾಕಿಕೊಂಡು ಮನೆಯಿಂದ ಹೊರಡಬೇಡಿ. ಊಟ, ವಸತಿ, ಪ್ರಯಾಣ, ಬೂಟು, ಗಾಯವಾದರೆ ಆಸ್ಪತ್ರೆಯ ಖರ್ಚು, ಇವುಗಳಲ್ಲಿ ಯಾವುದು ಅವರದು, ಯಾವುದು ನಿಮ್ಮದು ಅಂತ ಬರವಣಿಗೆಯಲ್ಲಿ ಕೇಳಿ. ವಾಟ್ಸಾಪ್ ಮೆಸೇಜಾದರೂ ಇರಲಿ, ಬಾಯಿಮಾತು ಬೇಡ.

ಒಪ್ಪಂದ ಎಷ್ಟು ವರ್ಷಕ್ಕೆ ಅನ್ನುವುದನ್ನು ಬೆರಳಿಟ್ಟು ಓದಿ. 18 ತುಂಬದ ಆಟಗಾರ್ತಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಕಾಲದ ವೃತ್ತಿಪರ ಒಪ್ಪಂದಕ್ಕೆ ಕಟ್ಟಿಹಾಕುವಂತಿಲ್ಲ, ಇದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ವೃತ್ತಿಪರ ಆಟಗಾರ್ತಿಯರಿಗೆ ಕನಿಷ್ಠ 14 ವಾರಗಳ ವೇತನಸಹಿತ ಹೆರಿಗೆ ರಜೆಯ ನಿಯಮವನ್ನೂ ಫಿಫಾ 2021ರಿಂದ ಜಾರಿಗೆ ತಂದಿದೆ. ಹದಿನೇಳರ ಹುಡುಗಿಗೆ ಇದು ದೂರದ ಮಾತು ಅನ್ನಿಸಬಹುದು. ಆದರೆ ಮದುವೆಯಾದರೆ ಆಟ ಮುಗಿಯಿತು ಅಂತ ನಂಬಿಕೊಂಡಿರುವ ಮನೆಗಳಲ್ಲಿ ಇದನ್ನು ನಾನು ಬೇಕೆಂದೇ ಹೇಳುತ್ತೇನೆ.

ಸುರಕ್ಷತೆಯ ಮಾತು ಬರೆಯಲು ಸಂಕಟವಾಗುತ್ತದೆ, ಬರೆಯದೆ ಇರುವುದು ತಪ್ಪು. 2024ರ ಮಾರ್ಚ್‌ನಲ್ಲಿ, ಮೊದಲ ಐಡಬ್ಲ್ಯುಎಲ್-2 ನಡೆಯುತ್ತಿದ್ದಾಗಲೇ, ಹಿಮಾಚಲದ ಕ್ಲಬ್ಬೊಂದರ ಇಬ್ಬರು ಆಟಗಾರ್ತಿಯರು ಗೋವಾದ ಹೋಟೆಲಿನಲ್ಲಿ ತಮ್ಮ ಕೋಣೆಗೆ ನುಗ್ಗಿ ಹಲ್ಲೆ ಮಾಡಿದರು ಎಂದು ಕ್ಲಬ್ಬಿನ ಮುಖ್ಯಸ್ಥರ ಮೇಲೆ ದೂರು ಕೊಟ್ಟರು. ಪೊಲೀಸರು ಆತನನ್ನು ಬಂಧಿಸಿದರು, ಫೆಡರೇಷನ್ ಆತನನ್ನು ಅಮಾನತು ಮಾಡಿತು. ಆ ಹುಡುಗಿಯರು ಬಾಯಿ ಬಿಟ್ಟದ್ದರಿಂದ ದೇಶಕ್ಕೆ ಗೊತ್ತಾಯಿತು. ನಾನು ಪೋಷಕರಿಗೆ ಹೇಳುವುದು: ತಂಡದ ಜೊತೆ ಹೆಂಗಸೊಬ್ಬರು ಮ್ಯಾನೇಜರ್ ಆಗಿ ಹೋಗುತ್ತಾರಾ ಕೇಳಿ. ಅವರ ನಂಬರು, ಹೋಟೆಲಿನ ನಂಬರು ಎರಡೂ ಇಟ್ಟುಕೊಳ್ಳಿ. ರಾತ್ರಿ ಒಂದು ಕರೆ ಮಾಡುವುದು ರೂಢಿಯಾಗಲಿ. ಮಗಳಿಗೆ, ಏನೇ ಆದರೂ ಫೋನ್ ಮಾಡು, ಆಟ ಹೋದರೆ ಹೋಗಲಿ ಅಂತ ಹೊರಡುವ ಮೊದಲೇ ಹೇಳಿ ಕಳಿಸಿ.

ಇನ್ನು ಮೊಣಕಾಲು. ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುವ ಅಪಾಯ ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು. ಹರಿದರೆ ವರ್ಷವೇ ಹೋಯಿತು. ಒಂದು ದಿನ ಬಿಟ್ಟು ಒಂದು ದಿನ ಪಂದ್ಯ ಇಡುವ ಗುಂಪು ಹಂತದಲ್ಲಿ ದಣಿದ ಕಾಲು ಇನ್ನೂ ಸುಲಭವಾಗಿ ತಿರುಚುತ್ತದೆ. ಇದಕ್ಕೆ ದುಡ್ಡಿಲ್ಲದ ಒಂದು ಉಪಾಯ ಇದೆ. ಫಿಫಾ ಲೆವೆನ್ ಪ್ಲಸ್ ಅನ್ನುವ 20 ನಿಮಿಷದ ವಾರ್ಮ್ ಅಪ್: ಓಟ, ಒಂಟಿಕಾಲಿನ ಸಮತೋಲ, ಹಾರಿ ಮೆತ್ತಗೆ ಇಳಿಯುವುದು, ತೊಡೆಯ ಹಿಂಭಾಗ ಗಟ್ಟಿ ಮಾಡುವುದು. ತಪ್ಪದೆ ಮಾಡಿದವರಲ್ಲಿ ಗಾಯ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ನಮ್ಮ ಹುಡುಗಿಯರು ಪ್ರತಿ ಭಾನುವಾರ ಬಾಲ್ ಮುಟ್ಟುವ ಮೊದಲು ಇದನ್ನು ಮುಗಿಸಬೇಕು, ಇಲ್ಲದಿದ್ದರೆ ನಾನು ಬಾಲ್ ಕೊಡುವುದಿಲ್ಲ.

ಪಟ್ಟಿ ಬಂದ ದಿನ

ಮುಂದಿನ ಸೀಸನ್ನಿನ ಫಿಕ್ಸ್ಚರ್, ಅಂದರೆ ಪಂದ್ಯಗಳ ಪಟ್ಟಿ, ಪ್ರಕಟವಾದ ದಿನ ಹೆಚ್ಚಿನವರು ಯಾವ ಕ್ಲಬ್ಬು ಯಾವ ಗುಂಪಿನಲ್ಲಿ ಅಂತ ನೋಡುತ್ತಾರೆ. ನೀವು ಗುಂಪಿನಲ್ಲಿ ಎಷ್ಟು ತಂಡ, ಒಂದು ಸಲವೋ ಎರಡು ಸಲವೋ, ಎರಡು ಪಂದ್ಯದ ನಡುವೆ ಎಷ್ಟು ದಿನ ಅನ್ನುವುದನ್ನು ನೋಡಿ. ಗುಂಪಿನಲ್ಲಿ ಒಂದು ತಂಡ ಹೆಚ್ಚಾದರೆ ಪ್ರತಿ ಹುಡುಗಿಗೂ ಒಂದು ಪಂದ್ಯ ಹೆಚ್ಚು. ಎರಡೆರಡು ಸಲ ಆಡಿಸಿದರೆ ಸೀಸನ್ನೇ ದುಪ್ಪಟ್ಟು. ಮೇಲಿನ ಲೀಗು 2017ರಲ್ಲಿ ಒಂದು ಸ್ಟೇಡಿಯಮ್ಮಿನಲ್ಲಿ ಎರಡು ಮೂರು ವಾರದ ಆಟವಾಗಿದ್ದದ್ದು ಎಂಟು ವರ್ಷದಲ್ಲಿ ಊರೂರಿನ 14 ಪಂದ್ಯಗಳಿಗೆ ಬಂತು. ಎರಡನೇ ಡಿವಿಷನ್ನಿನಿಂದಲೂ ಅದನ್ನೇ ಕೇಳುವ ಹಕ್ಕು ನಮಗಿದೆ.

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ರಾಷ್ಟ್ರೀಯ ತಂಡ ಆತಿಥೇಯರನ್ನೇ 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು. ಅರ್ಹತಾ ಪಂದ್ಯಗಳನ್ನು ಗೆದ್ದು ಅಲ್ಲಿಗೆ ಹೋದದ್ದು ಅದೇ ಮೊದಲು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಆ ರಾತ್ರಿ ನಮ್ಮ ಹುಡುಗಿಯರ ಗ್ರೂಪಿನಲ್ಲಿ ನೂರಾರು ಮೆಸೇಜು ಬಂದವು. ಅಂಥ ತಂಡಕ್ಕೆ ಮುಂದಿನ ಸ್ಟಾಪರ್, ಮುಂದಿನ ಗೋಲಿ ಎಲ್ಲಿಂದಲಾದರೂ ಬರಬೇಕಲ್ಲ? 8 ಕ್ಲಬ್ಬುಗಳಿಂದ ಮಾತ್ರ ಬರುವುದು ಸಾಲದು. ಹಾಗಾಗಿ ಆ ಎಂಟರ ಕೆಳಗಿನ ಮೆಟ್ಟಿಲು ಎಷ್ಟು ಅಗಲ, ಎಷ್ಟು ಗಟ್ಟಿ ಅನ್ನುವುದನ್ನೇ ನಾನು ನೋಡುತ್ತಿದ್ದೇನೆ.

ನೋಡಲು ಬಯಸುವವರಿಗೆ, ಮಹಿಳಾ ಲೀಗಿನ ಪಂದ್ಯಗಳು ಭಾರತೀಯ ಫುಟ್‌ಬಾಲಿನ ಯೂಟ್ಯೂಬ್ ಚಾನೆಲ್‌ನಲ್ಲಿ ನೇರವಾಗಿ ಬಂದಿವೆ. ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿಕೊಂಡು ಹೋಗಿ ನೋಡಿದ್ದೇವೆ. ಸ್ಟಾಪರ್ ಆಡುವ ಮಗಳಿದ್ದರೆ ಅವಳನ್ನು ಪಕ್ಕದಲ್ಲಿ ಕೂರಿಸಿ, ಬಾಲ್ ಬಿಟ್ಟು ಸ್ಟಾಪರ್ ಒಬ್ಬಳನ್ನೇ ಹತ್ತು ನಿಮಿಷ ನೋಡು ಅನ್ನಿ.

ನಿನ್ನೆ ಆ ತಾಯಿ ಫೋನ್ ಮಾಡಿದ್ದರು. ಟ್ರಯಲ್ಸ್‌ಗೆ ಕಳಿಸಲು ಮನೆಯಲ್ಲಿ ಒಪ್ಪಿದ್ದಾರಂತೆ. ಜನನ ಪ್ರಮಾಣಪತ್ರ, ಆಧಾರ್, ಫೋಟೋ ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದಾರೆ. ಶಿನ್ ಗಾರ್ಡಿನ ಒಂದು ಪಟ್ಟಿ ಹರಿದಿದೆ, ಹೊಲಿದರೆ ಆಗುತ್ತದಾ ಅಂತ ಕೇಳಿದರು. ಆಗುತ್ತೆ ಅಂದೆ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು, "ಟೀಚರ್, ಅವರ ಹತ್ರ ಎಷ್ಟು ಮ್ಯಾಚ್ ಅಂತ ನಾನೇ ಕೇಳಲಾ, ಇಲ್ಲ ನೀವು ಕೇಳ್ತೀರಾ?"

ನೀವೇ ಕೇಳಿ ಅಂದೆ.